21 ನಿಯಮಗಳ ಪಟ್ಟಿಯೂ ಮೆಕ್ಕೆಜೋಳದ ತೂಕವೂ

ಪ್ರಶ್ನೆ: ಪಾಸ್ಟರ್ ಅಯ್ಯನವರೇ, ನನಗೆ 28 ವರ್ಷ. ದಾವಣಗೆರೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಜ್ಜನ ಕಾಲದಿಂದ ನಮ್ಮದು ಕ್ರೈಸ್ತ ಮನೆತನ. ಭಾನುವಾರ ಆರಾಧನೆಗೆ ತಪ್ಪದೆ ಹೋಗುತ್ತೇನೆ. ಈಚೆಗೆ ಒಂದು ಪ್ರಾರ್ಥನಾ ಗುಂಪಿಗೆ ಸೇರಿದೆ. ಅಲ್ಲಿ 21 ನಿಯಮಗಳ ಪಟ್ಟಿ ಕೊಟ್ಟಿದ್ದಾರೆ, ಇದರ ಜೊತೆ ಕಳಿಸಿದ್ದೇನೆ. ಬೆಳಗ್ಗೆ ನಾಲ್ಕಕ್ಕೆ ಪ್ರಾರ್ಥನೆ, ವಾರಕ್ಕೆ ಎರಡು ಉಪವಾಸ, ದಶಮಾಂಶ, ಸಿನಿಮಾ ನೋಡಬಾರದು, ಪ್ರಸಾದ ಮುಟ್ಟಬಾರದು, ಹೀಗೆ. ಅರ್ಧದಷ್ಟೂ ಪಾಲಿಸಲು ಆಗುತ್ತಿಲ್ಲ. ಅಂಗಡಿಯಲ್ಲಿ ತೇವ ಇದೆ ಅಂತ ರೈತರ ಚೀಲಕ್ಕೆ ಒಂದೊಂದು ಕೆಜಿ ಮುರಿದು ಬರೆಯಲು ಹೇಳುತ್ತಾರೆ, ಬರೆಯುತ್ತೇನೆ. ಆಯುಧ ಪೂಜೆ ದಿನ ಏನು ಮಾಡಬೇಕೋ ತಿಳಿಯುವುದಿಲ್ಲ. ಸೈಟಿನ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ. ನಂಬಿಗಸ್ತ ಕ್ರೈಸ್ತನಾಗಿ ಬದುಕಲು ನಿಜವಾಗಿ ಬೇಕಾದದ್ದು ಏನು? ಈ ಗುಂಪನ್ನು ಬಿಟ್ಟುಬಿಡಲಾ?

ಉತ್ತರ: ಸಹೋದರರೇ, ನೀವು ಕಳಿಸಿದ ಪಟ್ಟಿಯನ್ನು ಪೂರ್ತಿ ಓದಿದೆ. ಅದರಲ್ಲಿ ತೂಕದ ಮಾತು ಎಲ್ಲೂ ಇಲ್ಲ. ಅಣ್ಣನ ಮಾತೂ ಇಲ್ಲ. ಅವೆರಡನ್ನೂ ಪತ್ರದಲ್ಲಿ ಸೇರಿಸಿದವರು ನೀವೇ. ಯಾರೂ ಕೇಳದೆ ಇದ್ದರೂ ಅವು ನಿಮ್ಮ ಎದೆಯಲ್ಲಿ ಚುಚ್ಚುತ್ತಿವೆ, ಅಲ್ವಾ? ಆ ಚುಚ್ಚುವಿಕೆಯನ್ನು ಕಡೆಗಣಿಸಬೇಡಿ. ನನ್ನ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ.

ಮತ್ತಾಯ 23ನೇ ಅಧ್ಯಾಯದ 23ನೇ ವಚನ ತೆಗೆಯಿರಿ. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವರಾದ ಫರಿಸಾಯರಿಗೆ ಯೇಸು ಹೇಳಿದ ಮಾತು ಅದು. ಅವರು ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲಿ ಒಂದು ಪಾಲು ಲೆಕ್ಕ ಹಾಕಿ ದೇವರಿಗೆ ಕೊಡುತ್ತಿದ್ದರು. ಅಡುಗೆಮನೆಯ ಸೊಪ್ಪಿಗೂ ದಶಮಾಂಶ! ಆದರೆ ಧರ್ಮಶಾಸ್ತ್ರದ ಭಾರವಾದ ಸಂಗತಿಗಳನ್ನು ಬಿಟ್ಟುಬಿಟ್ಟಿದ್ದರು. ಅವು ಯಾವುವು ಅಂತ ಯೇಸುವೇ ಹೇಳುತ್ತಾರೆ: ನ್ಯಾಯ, ಕರುಣೆ, ನಂಬಿಗಸ್ತಿಕೆ. ಇವನ್ನು ಮಾಡಬೇಕಿತ್ತು, ಅವನ್ನೂ ಬಿಡಬಾರದಿತ್ತು ಅನ್ನುತ್ತಾರೆ. ಅಂದರೆ ಚಿಕ್ಕ ನಿಯಮ ಕೆಟ್ಟದ್ದು ಅಂತಲ್ಲ. ಎಲ್ಲಕ್ಕೂ ಒಂದೇ ಭಾರ ಇಲ್ಲ ಅಂತ. ನಿಮ್ಮ ಪಟ್ಟಿಯ ತೊಂದರೆಯೂ ಅದೇ. ಅದರಲ್ಲಿ ಹಗುರವಾದದ್ದೆಲ್ಲ ಮೊದಲು ಬಂದಿದೆ, ಭಾರವಾದದ್ದು ಬಂದೇ ಇಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮೊದಲು ಹೇಳಬೇಕಿತ್ತೇನೋ. ಪಟ್ಟಿ ಪಾಲಿಸಿ ನೀವು ದೇವರ ಮಗ ಆಗುವುದಿಲ್ಲ. ಮಗ ಆದಮೇಲೆ ನಡತೆ ಬರುತ್ತದೆ. ವಿಮೋಚನಕಾಂಡ ಓದಿ ನೋಡಿ. ದೇವರು ಇಸ್ರಾಯೇಲರಿಗೆ ಐಗುಪ್ತದಲ್ಲಿ ಇದ್ದಾಗ ಹತ್ತು ಆಜ್ಞೆ ಕೊಟ್ಟು, ಇದನ್ನು ಪಾಲಿಸಿದರೆ ಬಿಡಿಸುತ್ತೇನೆ ಅನ್ನಲಿಲ್ಲ. ಮೊದಲು ಬಿಡಿಸಿದರು, ಸಮುದ್ರ ದಾಟಿಸಿದರು. ಆಜ್ಞೆ ಬಂದದ್ದು ಆಮೇಲೆ, 20ನೇ ಅಧ್ಯಾಯದಲ್ಲಿ. ಆ ಆಜ್ಞೆಗಳ ಮೊದಲ ಮಾತೇ, ನಿಮ್ಮನ್ನು ದಾಸತ್ವದಿಂದ ಬಿಡಿಸಿದ ದೇವರು ನಾನು ಅಂತ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆಯೂ ಹಾಗೆಯೇ. ಯೇಸು ಮೊದಲು ಅವನ ಮನೆಗೆ ಬಂದರು. ಬಡವರಿಗೆ ಅರ್ಧ ಆಸ್ತಿ, ಮೋಸ ಮಾಡಿ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಅವನು ಹೇಳಿದ್ದು ಅದರ ನಂತರ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲ ಇದನ್ನೇ ಹೇಳುತ್ತಾನೆ: ರಕ್ಷಣೆ ಕೃಪೆಯಿಂದ, ನಮ್ಮ ಕೆಲಸದಿಂದ ಅಲ್ಲ, ಆದರೆ ನಮ್ಮನ್ನು ಸೃಷ್ಟಿಸಿರುವುದು ಒಳ್ಳೆ ಕೆಲಸಗಳಿಗಾಗಿಯೇ. ಹಾಗಾಗಿ ಬೆಳಗ್ಗೆ ನಾಲ್ಕಕ್ಕೆ ಏಳಲು ಆಗಲಿಲ್ಲ ಅಂತ ದೇವರು ನಿಮ್ಮಿಂದ ಮುಖ ತಿರುಗಿಸಿದರು ಅಂದುಕೊಳ್ಳಬೇಡಿ. ಆ ಭಯದಲ್ಲಿ ಬದುಕಬೇಡಿ. ಭಯದಿಂದ ಮಾಡುವ ಭಕ್ತಿ ಹೆಚ್ಚು ದಿನ ಬಾಳುವುದಿಲ್ಲ, ಬಾಳಿದರೂ ಮನುಷ್ಯನನ್ನು ಕಠಿಣ ಮಾಡಿಬಿಡುತ್ತದೆ.

ಈಗ ತೂಕಕ್ಕೆ ಬರೋಣ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಯಾಕಂದರೆ ನಿಮ್ಮ ನಂಬಿಕೆಯ ನಿಜವಾದ ಪರೀಕ್ಷೆ ಸದ್ಯಕ್ಕೆ ಇಲ್ಲೇ ನಡೆಯುತ್ತಿದೆ.

ಲೆಕ್ಕ ನಿಮಗೇ ಚೆನ್ನಾಗಿ ಗೊತ್ತು, ಆದರೂ ಬರೆಯುತ್ತೇನೆ. ಚೀಲಕ್ಕೆ ಒಂದು ಕೆಜಿ ಅಂದರೆ ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ನೂರು ಚೀಲಕ್ಕೆ ಒಂದು ಕ್ವಿಂಟಲ್. ಮೆಕ್ಕೆಜೋಳಕ್ಕೆ 2025-26ರ ಬೆಂಬಲ ಬೆಲೆ 2,400 ರೂಪಾಯಿ. ಜಗಳೂರು ಕಡೆಯಿಂದ ಬರುವ ರೈತನನ್ನು ನೆನಪು ಮಾಡಿಕೊಳ್ಳಿ. ಮಳೆ ನಂಬಿ ಬಿತ್ತಿದವನು. ರಾತ್ರಿಯೆಲ್ಲ ಟ್ರ್ಯಾಕ್ಟರ್‌ನಲ್ಲಿ ಚೀಲದ ಮೇಲೆ ಮಲಗಿ ಬಂದಿರುತ್ತಾನೆ. ಹಮಾಲರು ಚೀಲವನ್ನು ತೂಕದ ಮೆಷಿನ್ ಮೇಲೆ ಇಡುತ್ತಾರೆ, ಕೆಂಪು ಅಕ್ಷರದಲ್ಲಿ ಅಂಕಿ ಬರುತ್ತದೆ, ಅವನೂ ಬಗ್ಗಿ ನೋಡುತ್ತಾನೆ. ಆಮೇಲೆ ನಿಮ್ಮ ಚೀಟಿಯಲ್ಲಿ ಬೇರೆ ಅಂಕಿ ಇರುತ್ತದೆ. ಅವನು ಏನೂ ಮಾತಾಡುವುದಿಲ್ಲ. ಯಾಕಂದರೆ ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ ಮುಂಗಡ ತಗೊಂಡಿರುವುದು ಅದೇ ಅಂಗಡಿಯಲ್ಲಿ. ಆ ಮೌನವನ್ನು ಒಪ್ಪಿಗೆ ಅಂತ ತಿಳಿಯಬೇಡಿ.

ಸತ್ಯವೇದಕ್ಕೆ ಈ ಜಾಗ ಹೊಸದಲ್ಲ. ಅಳತೆ, ತೂಕದಲ್ಲಿ ಅನ್ಯಾಯ ಮಾಡಬೇಡಿ ಅಂತ ಯಾಜಕಕಾಂಡ 19ರಲ್ಲಿದೆ. ಚೀಲದಲ್ಲಿ ಎರಡು ತರಹದ ತೂಕದ ಕಲ್ಲು ಇಟ್ಟುಕೊಳ್ಳಬೇಡಿ ಅಂತ ಧರ್ಮೋಪದೇಶಕಾಂಡ 25ರಲ್ಲಿದೆ. ಮೋಸದ ತಕ್ಕಡಿ ಕಂಡರೆ ದೇವರಿಗೆ ಅಸಹ್ಯ ಅಂತ ಜ್ಞಾನೋಕ್ತಿ 11ರ ಮೊದಲ ವಚನ. ಆದರೆ ನೀವು ಮುಖ್ಯವಾಗಿ ಓದಬೇಕಾದದ್ದು ಆಮೋಸ 8. ಆಮೋಸ ತೆಕೋವ ಊರಿನ ಕುರುಬ, ಅತ್ತಿಹಣ್ಣಿನ ಕೆಲಸವನ್ನೂ ಮಾಡುತ್ತಿದ್ದವನು. ಅವನು ಬಯ್ಯುವುದು ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಮುರಿದವರನ್ನಲ್ಲ, ಗಮನಿಸಿ. ಸಬ್ಬತ್ ಪಾಲಿಸುವವರನ್ನೇ. ಅವರು ಅಂಗಡಿ ಮುಚ್ಚಿ ಕೂತಿದ್ದಾರೆ, ಆದರೆ ಮನಸ್ಸಿನಲ್ಲಿ, ಈ ದಿನ ಯಾವಾಗ ಮುಗಿಯುತ್ತದೆ, ಯಾವಾಗ ಧಾನ್ಯದ ಮಾರಾಟ ಶುರು ಮಾಡಿ ಅಳತೆ ಕಿರಿದು ಮಾಡಿ ರೇಟು ಹಿರಿದು ಮಾಡೋಣ ಅನ್ನುವ ಯೋಚನೆ. ಭಾನುವಾರ ತಪ್ಪದೆ ಆರಾಧನೆಗೆ ಬರುವ ನಮಗೆಲ್ಲ ಅದು ಎದೆಗೆ ಬಡಿಯಬೇಕಾದ ಅಧ್ಯಾಯ.

ಹಾಗಾದರೆ ಕೆಲಸ ಬಿಡಬೇಕಾ? ಸ್ನಾನಿಕ ಯೋಹಾನನ ಹತ್ತಿರ ಸುಂಕ ವಸೂಲಿ ಮಾಡುವವರು ಬಂದು, ನಾವೇನು ಮಾಡಬೇಕು ಅಂತ ಕೇಳಿದ್ದರು. ಅವನು ಕೆಲಸ ಬಿಡಿ ಅನ್ನಲಿಲ್ಲ. ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ತಗೊಳ್ಳಬೇಡಿ ಅಂದ. ಲೂಕ 3ರಲ್ಲಿದೆ. ನಿಮಗೂ ನಾನು ಅದನ್ನೇ ಹೇಳುತ್ತೇನೆ. ಮಾಲೀಕರ ಜೊತೆ ಒಬ್ಬರೇ ಇರುವಾಗ ಮಾತಾಡಿ, ಗಿರಾಕಿಗಳ ಮುಂದೆ ಬೇಡ, ಹಮಾಲರ ಮುಂದೆಯೂ ಬೇಡ. ಮರ್ಯಾದೆಯಿಂದ ಹೇಳಿ: ಅಣ್ಣಾ, ತೇವ ಇದ್ದರೆ ಮೀಟರ್ ಹಾಕಿ ನೋಡೋಣ. ಸರ್ಕಾರಿ ಖರೀದಿಯಲ್ಲಿ ತೇವಾಂಶ ಶೇ 14ರ ಒಳಗೆ ಇರಬೇಕು ಅಂತಿದೆ. ಜಾಸ್ತಿ ಬಂದರೆ ರೈತನಿಗೆ ತೋರಿಸಿ, ತೂಕಕ್ಕೆ ಮೊದಲೇ ರೇಟು ಮಾತಾಡೋಣ. ಆದರೆ ಮೆಷಿನ್‌ನಲ್ಲಿ ಬಂದ ತೂಕ ಬಿಟ್ಟು ಬೇರೆ ಅಂಕಿ ನನ್ನ ಕೈಯಲ್ಲಿ ಬರೆಸಬೇಡಿ.

ಅವರು ಒಪ್ಪಬಹುದು, ಒಪ್ಪದೆಯೂ ಇರಬಹುದು. ಲೆಕ್ಕದಲ್ಲಿ ಕೈ ಶುದ್ಧ ಇರುವ ಹುಡುಗ ಸಿಕ್ಕುವುದು ಕಷ್ಟ, ಅದು ಮಂಡಿಯಲ್ಲಿ ಎಲ್ಲರಿಗೂ ಗೊತ್ತು, ಹಾಗಾಗಿ ನೀವು ಅಂದುಕೊಂಡಷ್ಟು ಸುಲಭವಾಗಿ ನಿಮ್ಮನ್ನು ಕಳೆದುಕೊಳ್ಳಲು ಅವರಿಗೂ ಮನಸ್ಸಿರುವುದಿಲ್ಲ. ಒಪ್ಪಲೇ ಇಲ್ಲ ಅಂದರೆ ಬೇರೆ ಕೆಲಸ ಹುಡುಕಲು ಆ ದಿನವೇ ಶುರು ಮಾಡಿ. ಸಿಗುವವರೆಗೆ ಸುಳ್ಳು ಅಂಕಿ ಬರೆಯುವ ಪುಸ್ತಕ ಬೇರೆಯವರಿಗೆ ಕೊಡಿ, ನಾನು ಲೋಡಿಂಗ್ ಲೆಕ್ಕವೋ ಬ್ಯಾಂಕ್ ಕೆಲಸವೋ ನೋಡಿಕೊಳ್ಳುತ್ತೇನೆ ಅಂತ ಕೇಳಿ. ಅದು ಪೂರ್ತಿ ಪರಿಹಾರ ಅಲ್ಲ, ನನಗೂ ಗೊತ್ತು. ಮನೆಯಲ್ಲಿ ತಿನ್ನುವ ಬಾಯಿಗಳಿದ್ದರೆ ಒಂದೇ ದಿನದಲ್ಲಿ ಎದ್ದು ಬಾ ಅಂತ ಹೇಳುವ ಧೈರ್ಯ ನನಗಿಲ್ಲ. ಆದರೆ ಆ ಸ್ಥಿತಿಗೆ ಒಗ್ಗಿಕೊಳ್ಳಬೇಡಿ, ಅಷ್ಟೇ.

ನಮ್ಮೂರಲ್ಲಿ ಕಾಯಕ ಅಂದರೆ ಏನು ಅಂತ ಯಾರಿಗೂ ವಿವರಿಸಬೇಕಾಗಿಲ್ಲ. ದುಡಿಮೆಯನ್ನೂ ದೇವರನ್ನೂ ಬೇರೆ ಮಾಡಿ ನೋಡದ ಜನರ ನಡುವೆ ನಾವು ಬದುಕುತ್ತಿದ್ದೇವೆ. ಅಂಥವರ ಮುಂದೆ ನಾವು ಎಷ್ಟು ಹಾಡಿದರೂ, ಎಷ್ಟು ಸಾಕ್ಷಿ ಹೇಳಿದರೂ, ಚೀಟಿಯಲ್ಲಿ ಅಂಕಿ ಸುಳ್ಳಾಗಿದ್ದರೆ ಅವರು ನಂಬುವುದು ಚೀಟಿಯನ್ನೇ.

ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡಿದ ಒಬ್ಬ ಹಿರಿಯರು ನಮ್ಮ ಸಭೆಯಲ್ಲಿ ಇದ್ದರು. ಮಿಲ್ಲು ಮುಚ್ಚಿದ ಮೇಲೆ ಬಹಳ ಕಷ್ಟಪಟ್ಟರು. ಅವರ ಸತ್ಯವೇದದ ಕೀರ್ತನೆಗಳ ಪುಟದ ನಡುವೆ ಒಂದು ಮಡಿಚಿದ ಚೀಟಿ ಇರುತ್ತಿತ್ತು. ಕಿರಾಣಿ ಅಂಗಡಿ, ಹಾಲಿನವನು, ಔಷಧಿ ಅಂಗಡಿ ಅಂತ ಯಾರಿಗೆ ಎಷ್ಟು ಕೊಡಬೇಕು ಅನ್ನುವ ಲೆಕ್ಕ. ತೀರಿಸಿದ್ದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಿದ್ದರು. ಸಾಲ ತಗೊಂಡು ತೀರಿಸದವನನ್ನು ಕೀರ್ತನೆ 37 ದುಷ್ಟ ಅನ್ನುತ್ತದೆ, ಅದೇ ಪುಟದಲ್ಲಿ ಇಟ್ಟಿದ್ದರು. ಅವರು ಪ್ರಾರ್ಥನೆ ಮಾಡಲು ನಿಂತರೆ ಎರಡು ನಿಮಿಷ ಮೀರುತ್ತಿರಲಿಲ್ಲ. ಆದರೂ ಅವರಷ್ಟು ಗಟ್ಟಿ ಕ್ರೈಸ್ತರನ್ನು ನಾನು ನೋಡಿದ್ದು ಕಡಿಮೆ.

ಅಣ್ಣನ ವಿಷಯ. ಇದನ್ನು ಮುಂದೂಡಬೇಡಿ. ಕಾಣಿಕೆ ಅರ್ಪಿಸಲು ಯಜ್ಞವೇದಿಯ ಹತ್ತಿರ ಬಂದಾಗ, ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಅಂತ ಯೇಸು ಹೇಳಿದರು. ಮತ್ತಾಯ 5:23, 24. ಯಾರದು ಸರಿ ಯಾರದು ತಪ್ಪು ಅಂತ ಅಲ್ಲಿ ಕೇಳಿಲ್ಲ. ನೆನಪಾದವನು ಎದ್ದು ಹೋಗಬೇಕು, ಅಷ್ಟೇ. ಅಪ್ಪನ ಆಸ್ತಿ ಹಂಚಿಸಿ ಕೊಡಿ ಅಂತ ಒಬ್ಬ ಬಂದು ಕೇಳಿದಾಗ, ಅದಕ್ಕೆ ನನ್ನನ್ನು ನೇಮಿಸಿದವರು ಯಾರು ಅಂದುಬಿಟ್ಟರು ಯೇಸು, ಆಮೇಲೆ ದುರಾಸೆಯ ಬಗ್ಗೆ ಎಚ್ಚರಿಕೆ ಕೊಟ್ಟರು. ಅದು ಲೂಕ 12. ಹಾಗಾಗಿ ಎರಡನ್ನೂ ಬೇರೆ ಮಾಡಿ. ಸೈಟಿನ ವಿಷಯ ಹಿರಿಯರು ಕೂತು ಬಗೆಹರಿಸಲಿ, ಬೇಕಾದರೆ ವಕೀಲರ ಹತ್ತಿರ ಹೋಗಲಿ. ಮಾತು ಬಿಟ್ಟಿದ್ದು ಬೇರೆ ವಿಷಯ. ಅಣ್ಣನ ಮನೆಗೆ ಹೋಗಿ. ಫೋನ್ ಬೇಡ, ಮೆಸೇಜ್ ಅಂತೂ ಬೇಡವೇ ಬೇಡ. ಸೈಟಿನ ಮಾತು ಆಮೇಲೆ ಇರಲಿ ಅಣ್ಣ, ಮಾತು ಬಿಟ್ಟಿದ್ದು ನನ್ನ ತಪ್ಪು, ಅಂತ ಹೇಳಿ. ಅತ್ತಿಗೆ ಕೊಟ್ಟ ಚಹಾ ಕುಡಿದು ಬನ್ನಿ. ಅವರು ಮುಖ ಕೊಟ್ಟು ಮಾತಾಡದಿದ್ದರೂ ಪರವಾಗಿಲ್ಲ, ಇನ್ನೊಂದು ಸಲ ಹೋಗಿ. ಮುಂದಿನ ಕರ್ತನ ಭೋಜನಕ್ಕೆ ಮೊದಲು ಇದು ಆಗಲಿ ಅಂತ ನನ್ನ ಆಸೆ.

ಆಯುಧ ಪೂಜೆಯ ಬಗ್ಗೆ ಕ್ರೈಸ್ತರಲ್ಲೇ ಎಲ್ಲರದೂ ಒಂದೇ ಅಭಿಪ್ರಾಯ ಇಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ. ಅಂಗಡಿ ಗುಡಿಸಿ, ತೊಳೆದು, ತೋರಣ ಕಟ್ಟಲು ಕೈ ಹಾಕಿ, ಅದು ಕೆಲಸ. ಆರತಿ ಎತ್ತುವುದು, ಅಡ್ಡಬೀಳುವುದು ಆರಾಧನೆ, ಅದು ನಮ್ಮಿಂದ ಆಗದು. ಆ ಗಳಿಗೆಯಲ್ಲಿ ಹಟ ಹಿಡಿದು ರಂಪ ಮಾಡುವ ಬದಲು ಒಂದು ವಾರ ಮೊದಲೇ ಮಾಲೀಕರಿಗೆ ಹೇಳಿಬಿಡಿ. ನಾಮಾನನ ಕಥೆ ನೆನಪಿದೆಯಾ? ಅರಾಮ್ ದೇಶದ ಸೇನಾಪತಿ, ಯೊರ್ದನಿನಲ್ಲಿ ಮುಳುಗಿ ಕುಷ್ಠ ವಾಸಿಯಾದವನು. ನನ್ನ ಯಜಮಾನ ರಿಮ್ಮೋನನ ಗುಡಿಯಲ್ಲಿ ನನ್ನ ಕೈ ಹಿಡಿದು ಬಗ್ಗುವಾಗ ನಾನೂ ಬಗ್ಗಬೇಕಾಗುತ್ತದೆ, ಅದನ್ನು ದೇವರು ಕ್ಷಮಿಸಲಿ ಅಂತ ಅವನು ಎಲೀಷನಿಗೆ ಹೇಳಿದ. ಎಲೀಷ ಬಯ್ಯಲಿಲ್ಲ, ಸಮಾಧಾನದಿಂದ ಹೋಗು ಅಂದ. ಇನ್ನೊಂದು ಕಡೆ ದಾನಿಯೇಲನ ಮೂವರು ಗೆಳೆಯರು ಬೆಂಕಿಗೆ ಬಿದ್ದರೂ ಬಗ್ಗಲಿಲ್ಲ. ಎರಡೂ ಸತ್ಯವೇದದಲ್ಲೇ ಇವೆ. ಹಾಗಾಗಿ ಮಾಲೀಕರ ಪಕ್ಕ ನಿಂತ ಕ್ರೈಸ್ತನನ್ನು ಕಂಡ ಕೂಡಲೇ ದ್ರೋಹಿ ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ.

ಊಟದ ಪ್ರಶ್ನೆಗೆ 1 ಕೊರಿಂಥ 8 ಮತ್ತು 10 ಓದಿ. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ಗೆಳೆಯರು ಮನೆಗೆ ಕರೆಯುತ್ತಾರಲ್ಲ, ಸರಿಯಾಗಿ ಅದೇ ಪ್ರಶ್ನೆ ಕೊರಿಂಥದವರಿಗೂ ಬಂದಿತ್ತು. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಕೆದಕಿ ಕೇಳದೆ ತಿನ್ನಿ ಅನ್ನುತ್ತಾನೆ ಪೌಲ. ಇದು ನೈವೇದ್ಯ ಮಾಡಿದ್ದು ಅಂತ ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಡಿ. ಬಿಡುವಾಗ ಕೈಮುಗಿದು ನಗುತ್ತಾ ಬಿಡಿ, ಉಪದೇಶ ಬೇಡ. ಎಫೆಸದಲ್ಲಿ ದೊಡ್ಡ ಗಲಾಟೆ ಆದಾಗ ಊರಿನ ಅಧಿಕಾರಿಯೇ ಎದ್ದು ನಿಂತು, ಈ ಜನ ನಮ್ಮ ದೇವಿಯನ್ನು ಬಯ್ದವರಲ್ಲ ಅಂತ ಪೌಲನ ಜೊತೆಗಾರರ ಪರ ಹೇಳಿದ. ಅಪೊಸ್ತಲರ ಕೃತ್ಯ 19. ನಮ್ಮ ಬಗ್ಗೆಯೂ ಊರಿನವರು ಹಾಗೆ ಹೇಳುವಂತಿರಬೇಕು. ಪ್ರತಿ ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಎಲ್ಲ ಧರ್ಮದವರೂ ಬಂದು ಕೈಮುಗಿದು ಹೋಗುತ್ತಾರೆ. ನಾನು ಕಥೋಲಿಕನಲ್ಲ, ಆದರೂ ಅದನ್ನು ನೋಡಿದರೆ ಮನಸ್ಸು ತುಂಬಿ ಬರುತ್ತದೆ. ನಮ್ಮ ಭಾಗದ ಜನ ಕೊಡುವ ಆ ಮರ್ಯಾದೆಯನ್ನು ನಾವೂ ಅವರಿಗೆ ಕೊಡಬೇಕು.

ಪ್ರಾರ್ಥನೆಗೆ ನಾಲ್ಕು ಗಂಟೆಯೇ ಆಗಬೇಕು ಅಂತ ಎಲ್ಲೂ ಇಲ್ಲ. ಯೇಸು ಇನ್ನೂ ಕತ್ತಲಿರುವಾಗ ಎದ್ದು ಹೋದರು, ನಿಜ. ದಾನಿಯೇಲ ದಿನಕ್ಕೆ ಮೂರು ಸಲ ಮಾಡುತ್ತಿದ್ದ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವ ನೀವು ನಾಲ್ಕಕ್ಕೆ ಎದ್ದರೆ ಮೊಣಕಾಲ ಮೇಲೆಯೇ ನಿದ್ದೆ ಮಾಡುತ್ತೀರಿ. ಅಂಗಡಿಗೆ ಹೊರಡುವ ಮೊದಲು ಹದಿನೈದು ನಿಮಿಷ ಸಾಕು, ಆದರೆ ದಿನವೂ ಇರಲಿ. ಕರ್ತನ ಪ್ರಾರ್ಥನೆಯನ್ನು ಸುಮ್ನೆ ಗಡಗಡ ಹೇಳಿ ಮುಗಿಸದೆ ಒಂದೊಂದು ಮಾತಿಗೂ ನಿಲ್ಲಿ. ಅನುದಿನದ ಆಹಾರ ಅನ್ನುವಾಗ ಆ ದಿನ ಅಂಗಡಿಗೆ ಬರುವ ರೈತರನ್ನು ನೆನೆಯಿರಿ, ತಪ್ಪು ಮಾಡಿದವರನ್ನು ಕ್ಷಮಿಸಿದಂತೆ ಅನ್ನುವಾಗ ಅಣ್ಣನ ಹೆಸರು ಹೇಳಿ. ಓದಲು ಮಾರ್ಕನ ಸುವಾರ್ತೆ ಹಿಡಿಯಿರಿ, 16 ಅಧ್ಯಾಯ, ದಿನಕ್ಕೊಂದು. ಅದಾದ ಮೇಲೆ ಜ್ಞಾನೋಕ್ತಿ, 31 ಅಧ್ಯಾಯ, ಒಂದು ತಿಂಗಳು. ಮೊಬೈಲ್‌ನಲ್ಲಿ ಓದುವುದು ತಪ್ಪಲ್ಲ, ಆದರೆ ವಾಟ್ಸಾಪ್ ಬಂದು ಎಳೆಯುತ್ತದೆ, ಪುಸ್ತಕವೇ ವಾಸಿ. ಉಪವಾಸವೂ ಒಳ್ಳೆಯದೇ. ಗುಟ್ಟಾಗಿ ಮಾಡಿ, ಎಷ್ಟು ಮಾಡಿದೆ ಅಂತ ಗುಂಪಿನಲ್ಲಿ ವರದಿ ಕೊಡುವ ಪದ್ಧತಿ ಇದ್ದರೆ ಅದರಿಂದ ದೂರ ಇರಿ. ಮತ್ತಾಯ 6 ಅದನ್ನೇ ಹೇಳುತ್ತದೆ.

ದಶಮಾಂಶ: ಸಂಬಳ 18,000 ಅಂದುಕೊಂಡರೆ 1,800. ಮನಸಾರೆ ಕೊಡಲು ಆದರೆ ಕೊಡಿ, ಅದು ಒಳ್ಳೆ ಅಭ್ಯಾಸ. ಆದರೆ ಹೊಸ ಒಡಂಬಡಿಕೆಯಲ್ಲಿ ಪೌಲ ಒತ್ತಿ ಹೇಳುವುದು ಶೇಕಡಾ ಲೆಕ್ಕವನ್ನಲ್ಲ. ವಾರದ ಮೊದಲ ದಿನ ಆದಾಯಕ್ಕೆ ತಕ್ಕಂತೆ ತೆಗೆದಿಡಿ, ಬಲವಂತದಿಂದ ಬೇಡ, ಸಂತೋಷದಿಂದ ಕೊಡಿ ಅನ್ನುತ್ತಾನೆ. ಅಮ್ಮನ ಔಷಧಿಗೆ ದುಡ್ಡಿಲ್ಲದೆ, ಫೈನಾನ್ಸ್‌ನಲ್ಲಿ ಬಡ್ಡಿಗೆ ತಂದು ಕಾಣಿಕೆ ಹಾಕುವುದು ಭಕ್ತಿ ಅಲ್ಲ. ದೇವರಿಗೆ ಮೀಸಲು ಅಂತ ಹೇಳಿ ತಂದೆ ತಾಯಿಗೆ ಕೊಡದೆ ತಪ್ಪಿಸಿಕೊಂಡವರನ್ನು ಯೇಸು ಮಾರ್ಕ 7ರಲ್ಲಿ ಖಂಡಿಸಿದ್ದಾರೆ. ಇಷ್ಟು ಕೊಟ್ಟರೆ ಅದರ ನೂರರಷ್ಟು ಬರುತ್ತದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಸಿನಿಮಾ ನಿಮ್ಮ ವಿವೇಕಕ್ಕೆ ಬಿಟ್ಟಿದ್ದು.

ನಾನು ಸೇವೆ ಮಾಡುವ ಸಭೆ, ಅಂದರೆ ದಕ್ಷಿಣ ಭಾರತ ಸಭೆ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾಯಿತು. ಆಂಗ್ಲಿಕನ್ನರು, ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು, ಇವರಿಗೆಲ್ಲ ಬೇರೆ ಬೇರೆ ಪದ್ಧತಿ, ಬೇರೆ ಬೇರೆ ಕಟ್ಟುನಿಟ್ಟು. ಬಹಳ ವರ್ಷ ಮಾತುಕತೆ ನಡೆಸಿ ಕೊನೆಗೆ ಇವಿಲ್ಲದೆ ಆಗದು ಅಂತ ಒಪ್ಪಿದ್ದು ಕೆಲವೇ ವಿಷಯಗಳಿಗೆ: ಸತ್ಯವೇದ, ಹಳೆಯ ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ, ಸಭೆಯನ್ನು ನಡೆಸುವ ಬಿಷಪರ ಸೇವೆ. ಅಷ್ಟು ಜನ ತಿಳಿದವರು ಕೂತು ಅಷ್ಟಕ್ಕೆ ನಿಲ್ಲಿಸಿದ ಮೇಲೆ, ಒಂದು ಗುಂಪು 21 ಷರತ್ತು ಹಾಕಿ ಇದಿಲ್ಲದವನು ಕ್ರೈಸ್ತನೇ ಅಲ್ಲ ಅಂದರೆ ಅದಕ್ಕೆ ತಲೆಬಾಗಬೇಕಾಗಿಲ್ಲ.

ಇಷ್ಟೆಲ್ಲ ಮಾಡಲು ಹೊರಟು ಮತ್ತೆ ಬೀಳುತ್ತೀರಿ. ಒಂದು ದಿನ ಮಾಲೀಕರ ಮುಖ ನೋಡಿ ಹೆದರಿ ಅದೇ ಅಂಕಿ ಬರೆದುಬಿಡಬಹುದು. ಪೇತ್ರ ಮೂರು ಸಲ ಯೇಸು ಯಾರೋ ಗೊತ್ತಿಲ್ಲ ಅಂದ. ಯೋಹಾನ 21ರಲ್ಲಿ ಯೇಸು ಅವನಿಗೆ ಮೂರು ಸಲ, ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳಿ ಮತ್ತೆ ಕುರಿ ಕಾಯುವ ಕೆಲಸಕ್ಕೇ ಹಚ್ಚಿದರು. ಬಿದ್ದ ದಿನ ಸಂಜೆಯೇ ದೇವರ ಮುಂದೆ ಹೇಳಿಕೊಳ್ಳಿ. ಆ ರೈತನ ಹೆಸರು ಚೀಟಿಯಲ್ಲಿ ಇರುತ್ತದೆ, ಮರುದಿನ ಸರಿ ಮಾಡಲು ಆದರೆ ಸರಿ ಮಾಡಿ. ಕೈಯಿಂದ ದುಡ್ಡು ಹೋದರೂ ಹೋಗಲಿ.

ಗುಂಪನ್ನು ಬಿಡಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಅವರಲ್ಲಿ ಪ್ರಾರ್ಥನೆಯ ಹಸಿವು ಇದೆ, ಅದು ಕಡಿಮೆ ಮಾತಲ್ಲ. ಮುಂದಿನ ಸಲ ಹೋದಾಗ ಮತ್ತಾಯ 23 ಮತ್ತು ಆಮೋಸ 8 ಒಟ್ಟಿಗೆ ಓದೋಣ ಅಂತ ಕೇಳಿ. ನಿಮ್ಮ ಅಂಗಡಿಯ ವಿಷಯವನ್ನು ಹೆಸರು ಹೇಳದೆ ಅವರ ಮುಂದೆ ಇಡಿ, ಪ್ರಾರ್ಥನೆ ಮಾಡಲು ಕೇಳಿ. ಅವರು ಕೇಳಿಸಿಕೊಂಡು ನಿಮ್ಮ ಜೊತೆ ನಿಂತರೆ ಆ ಗುಂಪಿನಲ್ಲಿ ಇರಿ. ತೂಕದ ಮಾತು ಪಕ್ಕಕ್ಕಿಟ್ಟು, ನಾಲ್ಕು ಗಂಟೆಗೆ ಎದ್ದೆಯಾ ಅಂತ ಮಾತ್ರ ಕೇಳಿದರೆ ಜಗಳ ಮಾಡದೆ ಹೊರಗೆ ಬನ್ನಿ. ನಿಮ್ಮ ಸಭಾಪಾಲಕರ ಹತ್ತಿರ ಹೋಗಿ ಇದೇ ಪತ್ರ ತೋರಿಸಿ. ಅವರಿಗೆ ನಿಮ್ಮ ಮನೆಯೂ ಗೊತ್ತು, ನಿಮ್ಮ ಅಣ್ಣನೂ ಗೊತ್ತು. ಅಣ್ಣನ ಮನೆಗೆ ಒಬ್ಬರೇ ಹೋಗಲು ಕಷ್ಟ ಅನ್ನಿಸಿದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ.